ಪೀಪಾಯಿಗೆ ಮುಚ್ಚಿಗೆ ಬಿಗಿದವರು: ಜಪಾನಿನಾಚೆಯ ತೈಕೊ

(ಉಪನ್ಯಾಸದ ಬರಹ ರೂಪ)

ವೈನ್ ಇಡುವ ಓಕ್ ಮರದ ಪೀಪಾಯಿ ಸುಮಾರು 225 ಲೀಟರ್ ಹಿಡಿಯುತ್ತದೆ. ಮೂವತ್ತರ ಆಸುಪಾಸು ಬಾಗಿದ ಪಟ್ಟಿಗಳು, ಅವನ್ನು ತಬ್ಬಿ ಹಿಡಿದ ಉಕ್ಕಿನ ಬಳೆಗಳು, ಅಷ್ಟೇ ಅದರ ಕಟ್ಟು. ಪಟ್ಟಿಗಳ ನಡುವೆ ಒಂದು ತೊಟ್ಟು ಅಂಟೂ ಇರುವುದಿಲ್ಲ. ಒಳಗಿನ ದ್ರವ ಕುಡಿದು ಮರ ಊದಿಕೊಳ್ಳುತ್ತದೆ, ಬಳೆ ಬಿಗಿಯುತ್ತದೆ, ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವು ವರ್ಷ ಕಳೆದ ಮೇಲೆ ವೈನಿಗೆ ಕೊಡಲು ಮರದಲ್ಲಿ ರುಚಿ ಉಳಿದಿರುವುದಿಲ್ಲ, ಆಗ ಪೀಪಾಯಿಯನ್ನು ಅಗ್ಗಕ್ಕೆ ಮಾರಿಬಿಡುತ್ತಾರೆ. ಖಾಲಿ ಬಿಟ್ಟರೆ ಒಣಗುತ್ತದೆ, ಬಳೆ ಸಡಿಲವಾಗುತ್ತದೆ, ಒಂದು ದಿನ ಪಟ್ಟಿಗಳೆಲ್ಲ ಒಳಕ್ಕೆ ಕುಸಿದು ಬೀಳುತ್ತವೆ.

ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಹೊರಹಾಕಿದ ಪೀಪಾಯಿಗಳಿಂದಲೇ ಅಮೆರಿಕದ ತೈಕೊ, ಅಂದರೆ ಜಪಾನಿ ನಗಾರಿ ಮೇಳ, ಹುಟ್ಟಿತು. ಜಪಾನಿನಿಂದ ಹೊರಟ ಕಲೆಯೊಂದು ನಾಲ್ಕು ಖಂಡಗಳಲ್ಲಿ ಬೇರು ಬಿಟ್ಟ ಬಗೆಯನ್ನು ಹೇಳುವಾಗ ನಾನು ಮೊದಲು ವಾದ್ಯ ತಯಾರಾದ ರೀತಿಯನ್ನು ಹೇಳುತ್ತೇನೆ. ಕಲಾವಿದರ ಪ್ರವಾಸ, ಉತ್ಸವ, ಕಾರ್ಯಕ್ರಮಗಳ ಮಾತು ಆಮೇಲೆ. ಹೊರದೇಶಗಳಲ್ಲಿ ತೈಕೊ ನಿಂತದ್ದು ವಾದ್ಯವನ್ನು ಕೊಳ್ಳಲಾಗದವರು ಅದನ್ನು ಮಾಡಿಕೊಂಡದ್ದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು, ಈ ನಗಾರಿ ಮೇಳ ಪುರಾತನ ಕಲೆ ಎಂಬ ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ತೈಕೊ ಎಂದರೆ ಜಪಾನಿ ಭಾಷೆಯಲ್ಲಿ ಬರೀ 'ಚರ್ಮವಾದ್ಯ', 'ನಗಾರಿ'. ದೇವಸ್ಥಾನ, ಹಬ್ಬ, ಕಾಬುಕಿ ರಂಗಭೂಮಿಗಳಲ್ಲಿ ಅದು ಶತಮಾನಗಳಿಂದ ಇದೆ. ಆದರೆ ಹತ್ತು ಹದಿನೈದು ಜನ ಬೇರೆಬೇರೆ ಗಾತ್ರದ ನಗಾರಿಗಳನ್ನು ಹಿಡಿದು ವೇದಿಕೆಯ ಮೇಲೆ ಮೇಳವಾಗಿ ಬಾರಿಸುವ ಪದ್ಧತಿ, ಅಂದರೆ ಕುಮಿ-ದೈಕೊ, ಶುರುವಾದದ್ದು 1951ರಲ್ಲಿ. ನಾಗಾನೊ ಪ್ರಾಂತದ ದೈಹಾಚಿ ಒಗುಚಿ ಜಾಜ್ ಡ್ರಮ್ ಬಾರಿಸುತ್ತಿದ್ದವರು. ಸುವಾ ದೇವಸ್ಥಾನಕ್ಕೆ ಸಂಬಂಧಿಸಿದ ಹಳೆಯ ತಾಳಲಿಪಿಯೊಂದನ್ನು ಓದಿಕೊಡಿ ಎಂದು ಅವರ ಕೈಗೆ ಕೊಟ್ಟರು. ಒಬ್ಬನೇ ಯಾಕೆ ಬಾರಿಸಬೇಕು ಎಂದು ಯೋಚಿಸಿದ ಒಗುಚಿ, ಜಾಜ್ ಡ್ರಮ್ ಸೆಟ್ಟಿನ ಕೆಲಸವನ್ನು ಜನಗಳ ನಡುವೆ ಹಂಚಿದರು. ಚಿಕ್ಕದಾದ, ಕೀಚಲು ದನಿಯ ಶಿಮೆ-ದೈಕೊ ಲಯ ಹಿಡಿಯಬೇಕು, ನಡುಗಾತ್ರದ ನಾಗಾದೊ ಮುಖ್ಯ ಬಡಿತ ಹೊರಬೇಕು, ದೊಡ್ಡ ನಗಾರಿ ತಳದಲ್ಲಿ ಗುಡುಗಬೇಕು. ಅವರ ಒಸುವಾ ದೈಕೊ ತಂಡ 1964ರ ಟೋಕಿಯೊ ಒಲಿಂಪಿಕ್ಸ್ ಸಂದರ್ಭದಲ್ಲಿ ಬಾರಿಸಿತು. ಅದಕ್ಕೆ ಮುಂಚೆಯೇ, 1959ರಲ್ಲಿ, ಟೋಕಿಯೊದ ಯುಷಿಮಾ ಬಡಾವಣೆಯಿಂದ ಸುಕೆರೊಕು ದೈಕೊ ತಂಡ ಎದ್ದಿತ್ತು. ನಗಾರಿಯನ್ನು ಓರೆಯಾಗಿ ನಿಲ್ಲಿಸಿ, ಮೈಯನ್ನೂ ಓರೆಯಾಗಿ ಬಳುಕಿಸಿ ಬಾರಿಸುವ ಶೈಲಿ ಅವರದು.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೆಯಿಚಿ ತನಾಕ ಮೊದಲ ತಂಡ ಕಟ್ಟಿದ್ದು 1968ರಲ್ಲಿ, ಅಂದರೆ ಒಗುಚಿಯ ಪ್ರಯೋಗ ಶುರುವಾದ ಹದಿನೇಳೇ ವರ್ಷಕ್ಕೆ. ಅಮೆರಿಕದ ತೈಕೊ ಯಾವುದೋ ಪುರಾತನ ಮರದಿಂದ ಮುರಿದು ತಂದ ಕೊಂಬೆಯೇನಲ್ಲ, ಹೆಚ್ಚುಕಡಿಮೆ ಜಪಾನಿನ ಮೇಳದ ಓರಗೆಯದೇ.

ಆ ನಗರದ ಜಪಾನಿ ಬಡಾವಣೆಯ ಚೆರ್ರಿ ಹೂವಿನ ಹಬ್ಬದಲ್ಲಿ ನಗಾರಿಯ ಸದ್ದೇ ಇಲ್ಲದ್ದು ತನಾಕ ಅವರಿಗೆ ಸಹಿಸಲಾಗಲಿಲ್ಲ. ಒಗುಚಿಯ ಬಳಿ ಕಲಿತ ಅವರು ಕಟ್ಟಿದ್ದು ಗುರು-ಶಿಷ್ಯ ಶಿಸ್ತಿನ ದೋಜೊ, ಅಂದರೆ ತಾಲೀಮು ಮನೆ: ಓಟ, ಬಸ್ಕಿ, ಕೂಗು, ನಮಸ್ಕಾರ ಎಲ್ಲ ಸೇರಿದ್ದು. ಮರುವರ್ಷ, 1969ರಲ್ಲಿ, ಲಾಸ್ ಏಂಜಲಿಸ್‌ನ ಸೆನ್ಶಿನ್ ಬೌದ್ಧ ಮಂದಿರದಲ್ಲಿ ಕಿನ್ನರ ತೈಕೊ ಹುಟ್ಟಿತು. ಹೌದು, ನಮ್ಮ ಕಿನ್ನರರೇ. ಬೌದ್ಧ ಗ್ರಂಥಗಳ ಗಾಯಕ ದೇವತೆಗಳ ಹೆಸರು ಸಂಸ್ಕೃತದಿಂದ ಅಲ್ಲಿಗೆ ಹೋಗಿದೆ. ಆ ತಂಡದ ರೀತಿ ಬೇರೆ. ಗುರುವಿಲ್ಲ, ನಾಯಕನಿಲ್ಲ, ಅಹಂ ಕರಗಬೇಕು ಎಂಬುದೇ ಅಭ್ಯಾಸದ ಗುರಿ. ಮಂದಿರದ ಧರ್ಮಗುರು ಮಸಾವೊ ಕೊದಾನಿ ಅದರ ಬೆನ್ನೆಲುಬು. 1973ರಲ್ಲಿ ಸ್ಯಾನ್ ಹೊಸೆಯ ಬೌದ್ಧ ಮಂದಿರದ ಯುವಕ ಯುವತಿಯರು ಸ್ಯಾನ್ ಹೊಸೆ ತೈಕೊ ಕಟ್ಟಿದರು. ರಾಯ್ ಮತ್ತು ಪಿ.ಜೆ. ಹಿರಬಾಯಾಶಿ ದಂಪತಿ ಅದನ್ನು ದಶಕಗಳ ಕಾಲ ನಡೆಸಿದರು.

ಈ ಯುವಜನ ಯಾರು ಎಂಬುದು ಮುಖ್ಯ. ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಮೂರನೆಯ ತಲೆಮಾರಿನವರು. ಜಪಾನಿನೊಡನೆ ಯುದ್ಧ ನಡೆದಿದ್ದ 1942ರಲ್ಲಿ ಅಮೆರಿಕ ಸರ್ಕಾರ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ಕಳಿಸಿದಾಗ ಅವರ ಅಪ್ಪ ಅಮ್ಮಂದಿರು ಅಲ್ಲಿದ್ದರು, ಹೊರಬಂದ ಮೇಲೆ ಅದರ ಬಗ್ಗೆ ತುಟಿ ಬಿಚ್ಚಲಿಲ್ಲ. ಜಪಾನಿಯೆಂದರೆ ತಗ್ಗಿದ ದನಿ, ಬಗ್ಗಿದ ತಲೆ ಎಂದು ಇಡೀ ದೇಶ ನಂಬಿತ್ತು. ಆ ಮನೆಗಳ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಕಾಲು ಅಗಲಿಸಿ ನಿಂತು, ಹೊಟ್ಟೆಯಿಂದ ಕೂಗಿ, ಎದೆ ನಡುಗುವಂತೆ ಬಾರಿಸತೊಡಗಿದರು. ಉತ್ತರ ಅಮೆರಿಕದ ತಂಡಗಳಲ್ಲಿ ಇಂದಿಗೂ ಹೆಂಗಸರೇ ಹೆಚ್ಚು.

ಬಾರಿಸುವ ಹುಮ್ಮಸ್ಸೇನೋ ಬಂತು, ಬಾರಿಸಲು ನಗಾರಿ ಎಲ್ಲಿ? ಜಪಾನಿನ ನಾಗಾದೊವನ್ನು ಕೆಯಾಕಿ ಮರದ ಒಂದೇ ದಿಮ್ಮಿಯಿಂದ ಕೊರೆಯುತ್ತಾರೆ. ಒಡಲನ್ನು ಒರಟಾಗಿ ಟೊಳ್ಳು ಮಾಡಿ ವರ್ಷಗಟ್ಟಲೆ ನೆರಳಲ್ಲಿ ಒಣಗಿಸಿ, ಆಮೇಲೆ ನಯಗೊಳಿಸಿ ಮುಚ್ಚಿಗೆ ಹಾಕುತ್ತಾರೆ. ಇಶಿಕಾವಾ ಪ್ರಾಂತದ ಆಸಾನೊ ಮನೆತನ 1609ರಿಂದ ಈ ಕೆಲಸದಲ್ಲಿದೆ. ಅಂಥ ಒಂದು ನಗಾರಿಗೆ ಸಾವಿರಾರು ಡಾಲರ್, ಮೇಲೆ ಹಡಗಿನ ಖರ್ಚು. ಮಂದಿರದ ಹುಡುಗರ ಕೈಗೆಟುಕುವ ಮಾತಲ್ಲ. ಪೀಪಾಯಿಯ ಹೊಟ್ಟೆ ಉಬ್ಬಿದ ಆಕಾರ ನಾಗಾದೊದ ಆಕಾರಕ್ಕೆ ಹತ್ತಿರವಿದೆ ಎಂದು ಕಂಡುಕೊಂಡದ್ದೇ ತಿರುವು. ಅದರಲ್ಲಿ ಕಿನ್ನರ ತೈಕೊದವರ ಪಾಲು ದೊಡ್ಡದು.

ಈಗ ಆ ಕೆಲಸವನ್ನು ಹತ್ತಿರದಿಂದ ನೋಡೋಣ.

ಪೀಪಾಯಿ ತಂದ ಕೂಡಲೇ ಬಳೆ ಕಳಚಬಾರದು. ಬಿಸಿಲಿಲ್ಲದ, ಗಾಳಿಯಾಡುವ ಜಾಗದಲ್ಲಿ ವಾರಗಟ್ಟಲೆ ಒಣಗಬೇಕು. ವೈನ್ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಹಿಡಿದ ಹಾಗೆ ಕಂಡರೂ ಮರ ಒಣಗುತ್ತಾ ಕುಗ್ಗಿದಾಗ ಸಂದು ಬಿಟ್ಟುಕೊಳ್ಳುತ್ತದೆ. ಕಳಚುವ ಮುನ್ನ ಪ್ರತಿ ಪಟ್ಟಿಗೂ ಕ್ರಮವಾಗಿ ಸಂಖ್ಯೆ ಬರೆದುಕೊಳ್ಳಬೇಕು. ಪಟ್ಟಿಗಳ ಅಗಲ ಒಂದೇ ಸಮ ಇರುವುದಿಲ್ಲ, ಒಂದೊಂದೂ ತನ್ನ ನೆರೆಯ ಪಟ್ಟಿಗೆ ಮಾತ್ರ ಸರಿಯಾಗಿ ಕೂರುತ್ತದೆ. ಎರಡು ಪಟ್ಟಿ ಅದಲುಬದಲಾದರೆ ಇಡೀ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ಬಾಯಿ ಬಿಡುತ್ತದೆ, ಎಲ್ಲಿ ತಪ್ಪಿತು ಎಂದು ಹುಡುಕಲು ದಿನ ಹಿಡಿಯುತ್ತದೆ.

ಆಮೇಲೆ ಅಂಚು ಹೆರೆಯುವುದು. ಹಳೆಯ ಕೊಳೆ, ವೈನಿನ ಗಟ್ಟಿ ಹರಳು ಹೋಗಿ ಹಸನಾದ ಮರ ಕಾಣಬೇಕು. ಮೂವತ್ತು ಪಟ್ಟಿ ಸೇರಿ ಒಂದು ಸುತ್ತಾಗಬೇಕಾದರೆ ಪ್ರತಿ ಅಂಚೂ ಸರಾಸರಿ 6 ಡಿಗ್ರಿ ಓರೆಯಾಗಿರಬೇಕು. ಪೀಪಾಯಿ ಮಾಡಿದವನು ಆ ಓರೆಯನ್ನು ಆಗಲೇ ಕೊಟ್ಟಿರುತ್ತಾನೆ. ಅದನ್ನು ಕೆಡಿಸದೆ ಹೆರೆಯುವುದೇ ಕಷ್ಟ. ಹೊಸಬರು ಉಜ್ಜೀ ಉಜ್ಜೀ ಅಂಚನ್ನು ಚೌಕ ಮಾಡಿಬಿಡುತ್ತಾರೆ. ಆಗ ಪಟ್ಟಿಗಳು ಒಳಗಡೆ ಮಾತ್ರ ತಾಗಿ, ಹೊರಗಡೆ ಗೀರಿನಂತೆ ಸಂದು ಉಳಿಯುತ್ತದೆ. ಇನ್ನೊಂದು ಲೆಕ್ಕವೂ ನೆನಪಿರಲಿ. ಒಂದೊಂದು ಅಂಚಿನಿಂದ 1 ಮಿಲಿಮೀಟರ್ ತೆಗೆದರೂ 30 ಪಟ್ಟಿಗೆ ಸುತ್ತಳತೆಯಲ್ಲಿ 60 ಮಿಲಿಮೀಟರ್ ಹೋಗುತ್ತದೆ, ಅಡ್ಡಳತೆ ಸುಮಾರು 2 ಸೆಂಟಿಮೀಟರ್ ಕುಗ್ಗುತ್ತದೆ. ಹಳೆಯ ಬಳೆಗಳು ಆಗ ಮೊದಲಿನ ಜಾಗದಲ್ಲಿ ಬಿಗಿಯಾಗಿ ಕೂರುವುದಿಲ್ಲ. ನಡುವಿನ ಉಬ್ಬಿನ ಕಡೆಗೆ ಇನ್ನಷ್ಟು ಬಡಿದು ಇಳಿಸಬೇಕು, ಇಲ್ಲವೇ ಲಾರಿಯ ಸಾಮಾನು ಬಿಗಿಯುವ ರಾಟೆ ಪಟ್ಟಿ ಸುತ್ತಿ ಬಿಗಿಯಬೇಕು. ಅಂಟು ಪೂರ್ತಿ ಒಣಗಿದ ಮೇಲೆಯೇ ಬಳೆ ತೆಗೆಯುವುದು. ಇನ್ನು ಮುಂದೆ ಒಡಲನ್ನು ಹಿಡಿದಿಡುವುದು ಅಂಟೊಂದೇ.

ಪೀಪಾಯಿಯ ಎರಡೂ ಬಾಯಿಯ ಬಳಿ ಒಳಗಡೆ ಸುತ್ತಲೂ ಕೊರೆದ ಒಂದು ತೋಡು ಇರುತ್ತದೆ, ಮುಚ್ಚಳದ ಹಲಗೆ ಕೂರುವ ಜಾಗ ಅದು. ಅಲ್ಲಿ ಮರ ತೆಳು. ಬಿಗಿದ ಚರ್ಮದ ಒತ್ತಡ ನೇರ ಅಲ್ಲೇ ಬೀಳುವುದರಿಂದ ಆ ಭಾಗವನ್ನು ಕೊಯ್ದು ತೆಗೆಯುವುದು ಒಳ್ಳೆಯದು. ಎತ್ತರ ಕೊಂಚ ತಗ್ಗುತ್ತದೆ, ಅದರಿಂದ ನಷ್ಟವಿಲ್ಲ. ಕೊಯ್ದ ಬಾಯಿಯನ್ನು ಸಮತಟ್ಟಾದ ನೆಲದ ಮೇಲೆ ಬೋರಲಿಟ್ಟು, ಎಲ್ಲಿಯೂ ಬೆಳಕು ತೂರದ ಹಾಗೆ ಉಜ್ಜಬೇಕು. ಚರ್ಮ ತಾಗುವ ಅಂಚು ಚೂಪಾಗಿ ಉಳಿದರೆ ಚರ್ಮ ಅಲ್ಲೇ ಕೊಯ್ದುಕೊಳ್ಳುತ್ತದೆ, ತೀರಾ ದುಂಡಗಾದರೆ ನಾದ ಮೊಂಡಾಗುತ್ತದೆ. ವೈನ್ ಸುರಿಯುವ ತೂತಿಗೆ ಮರದ ಬಿರಡೆ ಹೊಡೆದು ಮುಚ್ಚಬೇಕು.

ಚರ್ಮದ ಕೆಲಸ ಇದಕ್ಕಿಂತ ಸೂಕ್ಷ್ಮ. ಬೇಕಾದದ್ದು ಹದ ಮಾಡದ, ಪದರ ಸೀಳದ ದನದ ತೊಗಲು. ಹದ ಮಾಡಿದ ಚರ್ಮ ಚಪ್ಪಲಿಗೆ ಆದೀತು, ಎಷ್ಟು ಎಳೆದರೂ ನಗಾರಿಯಾಗಿ ನುಡಿಯುವುದಿಲ್ಲ. ತಣ್ಣೀರಿನಲ್ಲಿ ಒಂದೆರಡು ದಿನ ನೆನೆಸಿದರೆ ಒದ್ದೆ ಕಂಬಳಿಯ ಹಾಗೆ ಮೆತ್ತಗಾಗುತ್ತದೆ. ಬಿಸಿನೀರು ತಾಗಿಸಿದರೆ ಚರ್ಮ ಮುದುರಿ ಸತ್ತುಹೋಗುತ್ತದೆ. ಬೆನ್ನುಹುರಿಯ ಗುಂಟ ಬರುವ ಗೆರೆ ನಗಾರಿಯ ನಟ್ಟನಡುವೆ ಹಾಯುವಂತೆ ವೃತ್ತ ಕತ್ತರಿಸಬೇಕು. ಬೆನ್ನಿನ ಬಳಿ ಚರ್ಮ ದಪ್ಪ, ಹೊಟ್ಟೆಯ ಕಡೆ ತೆಳು. ಗೆರೆ ಪಕ್ಕಕ್ಕೆ ಸರಿದರೆ ಒಂದು ಮಗ್ಗುಲು ಹೆಚ್ಚು ಹಿಗ್ಗಿ ಮುಚ್ಚಿಗೆಯ ಶ್ರುತಿ ಎಲ್ಲ ಕಡೆ ಒಂದೇ ಆಗುವುದಿಲ್ಲ.

ವೃತ್ತದ ಅಂಚಿನಲ್ಲಿ ಸುತ್ತಲೂ ಜೋಡಿ ಸೀಳು ಕೊಟ್ಟು, ಅದರಲ್ಲಿ ಗಟ್ಟಿಮರದ ಗೂಟ ತೂರಿಸುತ್ತಾರೆ. ಗೂಟದಿಂದ ಹಗ್ಗ ಕೆಳಗಿನ ದಪ್ಪ ಹಲಗೆಗೆ. ಹಲಗೆಗೂ ನಗಾರಿಯ ತಳಕ್ಕೂ ನಡುವೆ ನಾಲ್ಕು ಕಾರ್ ಜಾಕ್. ಟೈರ್ ಬದಲಿಸಲು ಕಾರು ಎತ್ತುತ್ತೇವಲ್ಲ, ಅದೇ. ಜಾಕ್ ಎತ್ತಿದಂತೆ ಒಡಲು ಮೇಲೇಳುತ್ತದೆ, ಹಗ್ಗ ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದಿರುತ್ತದೆ, ಮುಚ್ಚಿಗೆ ಬಿಗಿಯುತ್ತಾ ಹೋಗುತ್ತದೆ. ಇದನ್ನು ಎರಡು ಸಲ ಮಾಡುವುದು ಕ್ರಮ. ಮೊದಲು ಅರೆಬಿಗಿತ: ಚರ್ಮಕ್ಕೆ ನಗಾರಿಯ ಬಾಯಿಯ ಆಕಾರ ಕೂರಿಸಿ ಹಾಗೇ ಒಣಗಲು ಬಿಡುವುದು. ಮತ್ತೆ ತುಸು ನೆನೆಸಿ ಪೂರ್ಣಬಿಗಿತ. ಜಾಕ್ ಸುತ್ತಿನ ನಡುವೆ ಮರದ ಕೊಡತಿಯಿಂದ ಚರ್ಮವನ್ನು ಬಡಿಯುತ್ತಾರೆ, ಒಬ್ಬರು ಮೇಲೆ ಹತ್ತಿ ಹಿಮ್ಮಡಿಯಿಂದ ತುಳಿದು ಸುತ್ತು ಹಾಕುತ್ತಾರೆ. ಅದು ಆಚರಣೆಯಲ್ಲ, ಅಗತ್ಯ. ಚರ್ಮದಲ್ಲಿ ಅಡಗಿರುವ ಹಿಗ್ಗನ್ನೆಲ್ಲ ಈಗಲೇ ತೆಗೆಯಬೇಕು. ನಾಗಾದೊಗೆ ಮೊಳೆ ಹೊಡೆದ ಮೇಲೆ ಡೊಳ್ಳಿನ ಹಗ್ಗದಂತೆ ಮತ್ತೆ ಬಿಗಿಯಲು ಏನೂ ಇರುವುದಿಲ್ಲ. ಅವಸರಪಟ್ಟು ಬೇಗ ಮೊಳೆ ಹೊಡೆದವರ ನಗಾರಿ ಆರೇ ತಿಂಗಳಲ್ಲಿ ಜೋಲು ಬೀಳುತ್ತದೆ. ಹೆಚ್ಚು ಎಳೆದರೆ ಗೂಟದ ಸೀಳಿನಿಂದ ಚರ್ಮ ಹರಿದು, ಇಡೀ ತೊಗಲು ವ್ಯರ್ಥ. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವ ಅಳತೆಪಟ್ಟಿ ಇಲ್ಲ. ಪ್ರತಿ ಜಾಕ್ ಸುತ್ತಿನ ಬಳಿಕ ಕೋಲಿನಿಂದ ತಟ್ಟಿ ಕಿವಿಗೊಡುತ್ತಾರೆ. ಬೇಕಾದ ಶ್ರುತಿಗಿಂತ ಸ್ವಲ್ಪ ಮೇಲೆಯೇ ನಿಲ್ಲಿಸುವುದು ಜಾಣತನ, ಆಡುತ್ತಾ ಆಡುತ್ತಾ ಅದು ಇಳಿಯುತ್ತದೆ.

ಕೊನೆಗೆ ಎರಡು ಸಾಲು ಗುಂಡುತಲೆಯ ಮೊಳೆ. ಎದುರುಬದುರಾಗಿ ಹೊಡೆಯುತ್ತಾ ಹೋಗಬೇಕು, ಒಂದೇ ಕಡೆಯಿಂದ ಸುತ್ತು ಹೊರಟರೆ ಕೊನೆಯ ಭಾಗದಲ್ಲಿ ಸುಕ್ಕು ಕೂಡುತ್ತದೆ. ಪಟ್ಟಿಗಳ ಸಂದಿನ ಮೇಲೆಯೇ ಮೊಳೆ ಬಿದ್ದರೆ ಅಂಟು ಸೀಳುತ್ತದೆ. ಅರ್ಧ ಬೆರಳು ಈಚೆ ಹೊಡೆದರಾಯಿತು. ಮೊಳೆ ಮುಗಿದ ಮೇಲೆಯೇ ಜಾಕ್ ಇಳಿಸಿ ಹೆಚ್ಚಿನ ಚರ್ಮ ಕೊಯ್ಯುವುದು.

ಚರ್ಮದ ಮಾತು ಬಂದಾಗ ಇನ್ನೊಂದನ್ನು ಹೇಳದೆ ಮುಂದೆ ಹೋಗಲಾರೆ. ಜಪಾನಿನಲ್ಲಿ ತೊಗಲಿನ ಕೆಲಸ ಬುರಾಕುಮಿನ್ ಎಂದು ಹೊರಗಿಟ್ಟ ಜನರ ಪಾಲಿಗೆ ಬಂದಿತ್ತು. ನಗಾರಿ ದೇವರ ಮುಂದೆ, ಅದನ್ನು ಮಾಡಿದವರು ಊರ ಹೊರಗೆ. ತಮಟೆಯ ನಾಡಿನವರಾದ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಸಾಕಾದ ನಾನಿವಾ ಪ್ರದೇಶ ತಲೆಮಾರುಗಳಿಂದ ನಗಾರಿ ಮಾಡಿಕೊಟ್ಟಿತ್ತು. ಅಲ್ಲಿನ ಯುವಜನ 1987ರಲ್ಲಿ ತಮ್ಮದೇ ತಂಡ ಕಟ್ಟಿ 'ಇಕಾರಿ', ಅಂದರೆ 'ಸಿಟ್ಟು', ಎಂದು ಹೆಸರಿಟ್ಟುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಆದದ್ದೇ ಬೇರೆ. ಅಲ್ಲಿ ಬಾರಿಸುವವರೇ ಮಾಡುವವರು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಮಂದಿರದ ಧರ್ಮಗುರು, ಗೃಹಿಣಿಯರು ಒದ್ದೆ ತೊಗಲಿನ ವಾಸನೆಯಲ್ಲಿ ಕೈಯಿಟ್ಟು ಕೂತರು. ಹೊರದೇಶದ ತೈಕೊ ಮಾಡಿದ ಕೆಲಸಗಳಲ್ಲಿ ಇದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚಿನ ಬೆಲೆ ಕೊಡುತ್ತೇನೆ.

ನಗಾರಿ ಮಾಡಿದ್ದಾಯಿತು, ಆದರೆ ಇಪ್ಪತ್ತು ಜನ ಕಲಿಯುವವರಿಗೆ ಇಪ್ಪತ್ತು ನಗಾರಿ ಎಲ್ಲಿಂದ ಬರಬೇಕು? ಅಭ್ಯಾಸಕ್ಕೆ ಹಳೆಯ ಕಾರ್ ಟೈರ್ ಬಂತು. ಟೈರಿನ ಬಾಯಿಗೆ ಅಡ್ಡಲಾಗಿ ಪೆಟ್ಟಿಗೆಗೆ ಅಂಟಿಸುವ ಅಗಲವಾದ ಪಾರದರ್ಶಕ ಟೇಪನ್ನು ನಕ್ಷತ್ರದ ಕಿರಣಗಳಂತೆ ಎಳೆದೆಳೆದು ಸುತ್ತುತ್ತಾರೆ, ಪದರದ ಮೇಲೆ ಪದರ. ಪ್ರತಿ ಎಳೆತವೂ ಬಿಗಿಯಾಗಿರಬೇಕು, ಒಂದು ಸುಕ್ಕು ಬಿದ್ದರೆ ಅಲ್ಲಿಂದಲೇ ಹರಿಯುತ್ತದೆ. ಸದ್ದು ಕಡಿಮೆ, ಕೋಲಿನ ಪುಟಿತ ಸಾಕಷ್ಟು ಚೆನ್ನಾಗಿರುತ್ತದೆ. ಕೋಲಿಗೆ ಬಾಚಿ ಎನ್ನುತ್ತಾರೆ. ಸುಮಾರು 40 ಸೆಂಟಿಮೀಟರ್ ಉದ್ದ, ಎರಡು ಎರಡೂವರೆ ಸೆಂಟಿಮೀಟರ್ ದಪ್ಪ. ಓಕ್ ಕೋಲು ಅಂಚಿಗೆ ತಾಗಿ ತಾಗಿ ಸಿಬಿರೇಳುತ್ತದೆ. ಮೂಲೆ ಉಜ್ಜಿ ದುಂಡಗೆ ಇಟ್ಟುಕೊಳ್ಳದಿದ್ದರೆ ಆ ಸಿಬಿರು ಮುಚ್ಚಿಗೆಯನ್ನು ಗೀರುತ್ತದೆ.

ಪಾಠ ಬಾಯಿಂದ ಬಾಯಿಗೆ. ಮೃದಂಗ ಕಲಿಯುವವರು ತಕಧಿಮಿ ಹೇಳಿಕೊಳ್ಳುವಂತೆ ಇಲ್ಲಿ 'ದೊನ್' ಎಂದರೆ ಒಂದು ಭಾರದ ಪೆಟ್ಟು, 'ದೊಕೊ' ಎಂದರೆ ಅದೇ ಕಾಲದಲ್ಲಿ ಎರಡು, 'ಕಾ' ಎಂದರೆ ಅಂಚಿನ ಮೇಲೆ, 'ಸು' ಎಂದರೆ ಮೌನ. ಮೌನಕ್ಕೂ ಅಕ್ಷರವಿರುವುದರಿಂದ ಯಾರೂ ಅದನ್ನು ನುಂಗಿಬಿಡುವಂತಿಲ್ಲ. ಪಾಶ್ಚಾತ್ಯ ಡ್ರಮ್ ಕಲಿತು ಬಂದವರು ಎಡವುವುದು ತೂಗಾಟದ 'ದೊಂಕೊ ದೊಂಕೊ' ನಡೆಯಲ್ಲಿ. ಎರಡು ಪೆಟ್ಟನ್ನೂ ಸಮ ಮಾಡಿ ಅದನ್ನು ಚಪ್ಪಟೆ 'ದೊಕೊ ದೊಕೊ' ಆಗಿಸಿಬಿಡುತ್ತಾರೆ. ಎಲ್ಲರಿಗೂ ಇರುವ ಇನ್ನೊಂದು ಕಾಯಿಲೆ, ಸದ್ದು ಏರಿದಂತೆ ಓಡುವುದು. ಅದಕ್ಕೆ ಮದ್ದು ಶಿಮೆ ಹಿಡಿದವರ ಕೈಯಲ್ಲಿದೆ. ಆದ್ದರಿಂದ ಒಳ್ಳೆಯ ತಂಡಗಳು ಶಿಮೆಯನ್ನು ಹೊಸಬರಿಗೆ ಕೊಡುವುದಿಲ್ಲ. ತೋಳಿನಿಂದ ಬಾರಿಸುವವರಿಗೆ ತಿಂಗಳೊಳಗೆ ಮಣಿಕಟ್ಟು ನೋಯುತ್ತದೆ. ಎಡಗಾಲು ಮುಂದಿಟ್ಟು, ಮಂಡಿ ಬಗ್ಗಿಸಿ, ಸೊಂಟದಿಂದ ಭಾರ ಇಳಿಸಿ, ಪೆಟ್ಟು ತಾಗುವ ಗಳಿಗೆಯಲ್ಲಿ ಮಾತ್ರ ಬೆರಳು ಬಿಗಿಯಬೇಕು.

ಅಮೆರಿಕದಿಂದ ಇದು ಕೆನಡಾಕ್ಕೆ ಹೋದದ್ದು ಸಹಜವಾಗಿ. ವ್ಯಾಂಕೂವರ್‌ನ ಪೊವೆಲ್ ಸ್ಟ್ರೀಟ್ ಹಬ್ಬದಲ್ಲಿ ಸ್ಯಾನ್ ಹೊಸೆ ತಂಡವನ್ನು ಕೇಳಿದವರು 1979ರಲ್ಲಿ ಕತಾರಿ ತೈಕೊ ಕಟ್ಟಿದರು. ಇನ್ನೊಂದು ದಾರಿ ನೇರ ಜಪಾನಿನಿಂದ. ಸಾದೊ ದ್ವೀಪದಲ್ಲಿ ನೆಲೆಸಿದ್ದ ಒಂದೆಕೊಜಾ ತಂಡದವರು 1975ರಲ್ಲಿ ಬಾಸ್ಟನ್ ಮ್ಯಾರಥಾನ್ ಓಡಿ, ಗುರಿ ಮುಟ್ಟಿದ ಕೂಡಲೇ ನಗಾರಿ ಬಾರಿಸಿದರು. ಆ ತಂಡದಿಂದ ಬೇರೆಯಾದವರ ಕೊದೊ 1981ರಲ್ಲಿ ಮೊದಲು ವೇದಿಕೆ ಏರಿದ್ದೇ ಜಪಾನಿನ ಹೊರಗೆ, ಬರ್ಲಿನ್‌ನಲ್ಲಿ. ಯುರೋಪಿನ ಅನೇಕ ತಂಡಗಳಿಗೆ ಕಿಡಿ ತಾಗಿದ್ದು ಕೊದೊ ಪ್ರವಾಸಗಳಿಂದ. ಒಂದೆಕೊಜಾದಲ್ಲಿದ್ದ ರೈಲಿ ಲೀ 1997ರಲ್ಲಿ ಇಯಾನ್ ಕ್ಲೆವರ್ತ್ ಜೊತೆ ಸಿಡ್ನಿಯಲ್ಲಿ ತೈಕಾಜ್ ತಂಡ ಆರಂಭಿಸಿದರು. ಬ್ರೆಜಿಲ್‌ನದು ಬೇರೆಯೇ ಬಗೆ. 1908ರಲ್ಲಿ ಕಸಾತೊ ಮಾರು ಹಡಗಿನಲ್ಲಿ ಕಾಫಿ ತೋಟದ ಕೂಲಿಗಳಾಗಿ ಬಂದವರ ಸಂತತಿ ಅಲ್ಲಿ ಬಹಳ ದೊಡ್ಡದು. ಆದರೂ ಮೇಳ ತೈಕೊ ಊರೂರಿಗೆ ಹಬ್ಬಿದ್ದು 2000ದ ನಂತರವೇ, ಜಪಾನಿನಿಂದ ಹೋದ ಶಿಕ್ಷಕರು ವಲಸಿಗರ ಸಂಘಗಳಲ್ಲಿ ಮಕ್ಕಳಿಗೆ ಕಲಿಸತೊಡಗಿದ ಮೇಲೆ. 2008ರ ಶತಮಾನೋತ್ಸವದಲ್ಲಿ ಸಾವೊ ಪೌಲೊದ ಸಾಂಬಾ ಮೆರವಣಿಗೆಯ ಅಂಗಳದಲ್ಲಿ ಸುಮಾರು ಸಾವಿರ ಜನ ಒಟ್ಟಿಗೆ ಬಾರಿಸಿದರು.

ಹರಡಿದ್ದೆಲ್ಲ ಸಲೀಸಾಗಿ ಹರಡಲಿಲ್ಲ. ಓರೆ ನಗಾರಿಯ ಶೈಲಿ ಅಮೆರಿಕದಲ್ಲಿ ಎಲ್ಲರ ಸೊತ್ತಿನಂತೆ ಆಗಿಬಿಟ್ಟಿತ್ತು. 1999ರಲ್ಲಿ ಟೋಕಿಯೊದ ಓಎದೊ ಸುಕೆರೊಕು ತೈಕೊ, ತಮ್ಮ ಕೃತಿ, ಶೈಲಿ, ಓರೆ ನಿಲುವನ್ನು ಬಳಸುವವರು ಅನುಮತಿ ಪಡೆಯಬೇಕೆಂದು ಉತ್ತರ ಅಮೆರಿಕದ ತಂಡಗಳಿಗೆ ತಿಳಿಸಿತು. ಕೃತಿಗೆ ಹಕ್ಕು ಕೇಳುವುದು ನ್ಯಾಯ. ನಗಾರಿಯನ್ನು ನಿಲ್ಲಿಸುವ ಕೋನಕ್ಕೂ ಹಕ್ಕು ಕೇಳಬಹುದೇ? ಎರಡು ವರ್ಷ ಹಿಂದೆ, 1997ರಲ್ಲಿ, ಲಾಸ್ ಏಂಜಲಿಸ್‌ನಲ್ಲಿ ಶುರುವಾಗಿದ್ದ ಉತ್ತರ ಅಮೆರಿಕ ತೈಕೊ ಸಮ್ಮೇಳನದ ಬಳಗದಲ್ಲಿ ಇದು ಬಿಸಿ ಚರ್ಚೆಯಾಯಿತು. ಯಾರಿಂದ ಕಲಿತೆವು, ಯಾರ ಕೃತಿ ಬಾರಿಸುತ್ತಿದ್ದೇವೆ ಎಂದು ಹೇಳುವ ಎಚ್ಚರ ಅದರಿಂದ ಹೆಚ್ಚಿತು, ಸ್ವಂತ ಕೃತಿ ಕಟ್ಟುವ ಹಟವೂ ಬೆಳೆಯಿತು. ಪಿ.ಜೆ. ಹಿರಬಾಯಾಶಿಯವರು ವಲಸೆ ಬಂದ ದುಡಿಮೆಗಾರರನ್ನು ನೆನೆದು ಕಟ್ಟಿದ ಕುಣಿತ-ವಾದನವೊಂದನ್ನು ಯಾರು ಬೇಕಾದರೂ ಕಲಿತು ಬಾರಿಸಬಹುದು. ಹಂಚಿಕೊಳ್ಳುವ ದಾರಿ ಹೀಗೂ ಇದೆ.

2013ರಲ್ಲಿ ಆಸಾನೊ ಸಂಸ್ಥೆಯೇ ಲಾಸ್ ಏಂಜಲಿಸ್ ಪಕ್ಕದ ಟಾರೆನ್ಸ್‌ನಲ್ಲಿ ಅಂಗಡಿ ತೆರೆಯಿತು, ಪಾಠಶಾಲೆಯನ್ನೂ ನಡೆಸುತ್ತಿದೆ. ದುಡ್ಡಿದ್ದರೆ ಈಗ ಕೆಯಾಕಿ ನಗಾರಿಗೆ ಹಡಗು ಕಾಯಬೇಕಿಲ್ಲ. ಹಾಗಿದ್ದೂ ಪೀಪಾಯಿ ನಗಾರಿಗಳು ಮೂಲೆ ಸೇರಿಲ್ಲ. ಮುಚ್ಚಿಗೆ ಸವೆದಾಗ ಹಳೆಯ ಮೊಳೆ ಕಿತ್ತು, ತೂತುಗಳಿಗೆ ಮರದ ಕಡ್ಡಿ ಅಂಟು ಹಾಕಿ ತುಂಬಿ, ಹೊಸ ಸಾಲನ್ನು ಕೊಂಚ ಕೆಳಗೆ ಹೊಡೆಯುತ್ತಾರೆ. ಹೀಗೆ ಮತ್ತೆಮತ್ತೆ ಮುಚ್ಚಿಗೆ ಕಂಡ ಒಡಲುಗಳಿವೆ.

ಸ್ಯಾನ್ ಹೊಸೆ, ಸನಿವೇಲ್, ಫ್ರೀಮಾಂಟ್ ಕಡೆ ನಮ್ಮ ಕನ್ನಡ ಮನೆಗಳು ಸಾಕಷ್ಟಿವೆ. ಅಲ್ಲಿಯ ಜಪಾನಿ ಬಡಾವಣೆಯಲ್ಲಿ ಪ್ರತಿ ಜುಲೈಯಲ್ಲಿ ತೀರಿಕೊಂಡ ಹಿರಿಯರ ನೆನಪಿನ ಓಬೊನ್ ಹಬ್ಬ ನಡೆಯುತ್ತದೆ, ಬೀದಿಯಲ್ಲೇ ಕುಣಿತ, ಯಾರು ಬೇಕಾದರೂ ಹೋಗಬಹುದು. ಹೋದವರು ಬಾರಿಸುವ ಕೈಗಳನ್ನು ನೋಡಿದ ಮೇಲೆ ಒಮ್ಮೆ ನಗಾರಿಯ ಮಗ್ಗುಲಿಗೆ ಬನ್ನಿ. ಒಂದೇ ಮರದ ದಿಮ್ಮಿಯಾದರೆ ಸುಳಿ ಸುಳಿಯಾದ ನಾರು ಅಡೆತಡೆಯಿಲ್ಲದೆ ಸುತ್ತಿ ಬರುತ್ತದೆ. ಪೀಪಾಯಿಯಾದರೆ ಮೇಲಿಂದ ಕೆಳಗೆ ನಾಲ್ಕು ಬೆರಳಿಗೊಂದು ಸಣ್ಣ ಗೆರೆ, ಹೊಟ್ಟೆಯ ನಡುವೆ ಎಲ್ಲೋ ಒಂದು ಕಡೆ ಬಿರಡೆ ಹೊಡೆದು ಮುಚ್ಚಿದ ದುಂಡು ಗುರುತು.